ಶೆನಿನ್ ಬ್ಲಾಂಕ್ ಒಂದೇ ದ್ರಾಕ್ಷಿಯಾದರೆ, ಒಂದು ಬಾಟಲಿ ಹುಳಿ, ಇನ್ನೊಂದು ಸಿಹಿ ಯಾಕೆ?

ಮಡಿಕೇರಿಯ ಅಂಗಡಿಗಳ ಮನೆ ವೈನಿನ ಸಿಹಿಗೆ ಒಗ್ಗಿದ ನಾಲಿಗೆಗೆ ಈ ಪ್ರಶ್ನೆ ಸಹಜ. ನನಗೂ ಬಂದಿತ್ತು.

ಇದರ ಗುಟ್ಟು ಹುಳಿಯಲ್ಲಿದೆ. ಈ ಬಿಳಿ ದ್ರಾಕ್ಷಿ ಚೆನ್ನಾಗಿ ಮಾಗಿದರೂ ಹುಳಿ ಬಿಟ್ಟುಕೊಡುವುದಿಲ್ಲ. ಸಕ್ಕರೆಯೆಲ್ಲ ಹುದುಗಿ ಮುಗಿದರೆ ಡ್ರೈ, ಅಂದರೆ ಸಿಹಿಯಿಲ್ಲದ ವೈನ್. ಒಂದಿಷ್ಟು ಉಳಿಸಿದರೆ ಸಿಹಿ, ಆದರೂ ಬಾಯಿಗೆ ಅಂಟುವುದಿಲ್ಲ.

ತವರು ಫ್ರಾನ್ಸಿನ ಲುವಾರ್ ಕಣಿವೆ. ಅಲ್ಲಿ ಸವನಿಯೇರ್ ಊರಿನದು ಹೆಚ್ಚಾಗಿ ಡ್ರೈ, ಗಡಸು. ಅದೇ ಕಣಿವೆಯ ವೂವ್ರೇ ಊರಿನ ಬಾಟಲಿಯಾದರೆ ಲೇಬಲ್ ಓದಿ: ‘ಸೆಕ್’ ಡ್ರೈ, ‘ದೆಮಿ ಸೆಕ್’ ಅರೆಸಿಹಿ, ‘ಮೊಯಲ್ಯೂ’ ಪೂರಾ ಸಿಹಿ. ನನಗೆ ಅತಿ ಬೆರಗೆನಿಸಿದ್ದು ಅಲ್ಲಿನದೇ ಕೊತೊ ದ್ಯು ಲೆಯೋನ್ ಎಂಬ ಸಿಹಿ ವೈನ್. ಬೆಳಗಿನ ಮಂಜಿಗೆ ಹಣ್ಣಿನ ಮೇಲೆ ಬೊಟ್ರೈಟಿಸ್ ಎಂಬ ಬೂಷ್ಟು ಕೂರುತ್ತದೆ, ಮಧ್ಯಾಹ್ನದ ಬಿಸಿಲಿಗೆ ನೀರಾರುತ್ತದೆ, ರಸ ಜೇನಿನಂತಾಗುತ್ತದೆ. ಮಳೆಗಾಲದಲ್ಲಿ ಕಾಫಿಗೆ ಕೊಳೆರೋಗ ಬಂತೆಂದರೆ ನಿದ್ದೆಗೆಡುವ ನಮಗೆ, ಬೂಷ್ಟಿಗಾಗಿ ಕಾಯುವ ಬೆಳೆಗಾರರಿದ್ದಾರೆಂದರೆ ನಂಬುವುದು ಕಷ್ಟ!

ಈ ದ್ರಾಕ್ಷಿಯನ್ನು ಜಗತ್ತಿನಲ್ಲೇ ಹೆಚ್ಚು ಬೆಳೆಯುವುದು ದಕ್ಷಿಣ ಆಫ್ರಿಕಾ. ಅಲ್ಲಿ ಇದರ ಹಳೆಯ ಹೆಸರು ಸ್ಟೀನ್; ಅದು ಶೆನಿನ್ನೇ ಎಂದು ಖಚಿತವಾದದ್ದು 1960ರ ದಶಕದಲ್ಲಿ. ಹಳೆಯ ಬಳ್ಳಿಗಳಿಂದ ಮಾಡಿದ್ದು ದಪ್ಪ, ಮಾಗಿದ ಹಣ್ಣಿನ ರುಚಿ.

ನಮ್ಮಲ್ಲಿ ನಾಸಿಕದ್ದು ಸುಲಭವಾಗಿ ಸಿಗುತ್ತದೆ: ಹಗುರ, ಹಲವು ಬಾಟಲಿಗಳಲ್ಲಿ ತುಸು ಸಿಹಿ. ಅಲ್ಲಿಂದಲೇ ಶುರುಮಾಡಿ. 8ರಿಂದ 10 ಡಿಗ್ರಿಗೆ ತಣ್ಣಗಿಟ್ಟು, ನಮ್ಮ ಕೊಡಗಿನ ಕಡಂಬುಟ್ಟು (ಅಕ್ಕಿ ಕಡುಬು), ಪಂದಿಕರಿಯ (ಹಂದಿಮಾಂಸದ ಸಾರು) ಜೊತೆ ಕುಡಿದು ನೋಡಿ. ಕರಿಮೆಣಸಿನ ಖಾರವನ್ನು ಆ ತುಸು ಸಿಹಿ ತಣಿಸುತ್ತದೆ. ಪಂದಿಕರಿಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯ ಮುಂದೆ ಹುಳಿಯಿಲ್ಲದ ವೈನ್ ಸಪ್ಪೆ, ಇದು ಸಪ್ಪೆಯಾಗುವುದಿಲ್ಲ.