ಮೊದಲ ಜಂಪ್: ಏರಿಯ ಅಂಚಿನಲ್ಲಿ ಮುಂಚಕ್ರ ಏಕೆ ಕೆಳಕ್ಕೆ ವಾಲುತ್ತದೆ?

ಪ್ರಶ್ನೆ: ನನಗೆ 24 ವರ್ಷ. ಗೋಣಿಕೊಪ್ಪಲು ಸಮೀಪ ನಮ್ಮದು ಸಣ್ಣ ಕಾಫಿ ತೋಟ, ಜೊತೆಗೆ ಸ್ವಲ್ಪ ಗದ್ದೆ. ಎರಡು ವರ್ಷಗಳಿಂದ ಎಕ್ಸ್‌ಪಲ್ಸ್ 200 ಬೈಕ್ ಓಡಿಸುತ್ತಿದ್ದೇನೆ. ಜನವರಿಯಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಸ್ನೇಹಿತರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ, ಸುಮಾರು 3 ಅಡಿ ಎತ್ತರದ ಏರಿಯಿಂದ, ಬೈಕ್ ಹಾರಿಸುತ್ತಿದ್ದರು. ನಾನೂ ಪ್ರಯತ್ನಿಸಿದೆ. ಅಂಚಿಗೆ ಬಂದಾಗ ಹೆದರಿಕೆಯಾಗಿ ಆಕ್ಸಲರೇಟರ್ ಬಿಟ್ಟೆ. ಮುಂಚಕ್ರ ಕೆಳಕ್ಕೆ ವಾಲಿ ಹ್ಯಾಂಡಲ್ ಮೇಲಿಂದ ಬಿದ್ದೆ. ಮಣಿಕಟ್ಟು ಇನ್ನೂ ನೋಯುತ್ತದೆ. ನನ್ನ ಬೈಕಿನಲ್ಲಿ ಸುರಕ್ಷಿತವಾಗಿ ಜಂಪ್ ಕಲಿಯಲು ಸಾಧ್ಯವೇ?
— ಓದುಗರು, ಗೋಣಿಕೊಪ್ಪಲು

ಉತ್ತರ: ಬೈಕಿನ ಮಾತಿಗೆ ಮೊದಲು ನಿಮ್ಮ ಮಣಿಕಟ್ಟಿನ ಮಾತು. ಕೈ ಊರಿ ಬಿದ್ದಾಗ ಹೆಬ್ಬೆರಳಿನ ಬುಡದಲ್ಲಿರುವ ಸ್ಕಾಫಾಯ್ಡ್ ಎಂಬ ಪುಟ್ಟ ಮೂಳೆ ಮುರಿಯುವುದುಂಟು. ಅದರ ನೋವು ಉಳುಕಿನಂತೆಯೇ ಇರುವುದರಿಂದ ಹೆಚ್ಚಿನವರು ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ. ಹೆಬ್ಬೆರಳನ್ನು ಮೇಲಕ್ಕೆತ್ತಿದಾಗ ಮಣಿಕಟ್ಟಿನ ಬದಿಯಲ್ಲಿ ಮೂಡುವ ಸಣ್ಣ ಗುಳಿಯನ್ನು ಒತ್ತಿ ನೋಡಿ. ಅಲ್ಲಿ ನೋವಿದ್ದರೆ ತಡಮಾಡದೆ ಮೂಳೆ ವೈದ್ಯರ ಬಳಿಗೆ ಹೋಗಿ ಎಕ್ಸ್‌ರೇ ಮಾಡಿಸಿ. ಬಿದ್ದ ಹೊಸತರಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೆಯೂ ಇರಬಹುದು. ಹಾಗಾಗಿ ಆಗಲೇ ಒಮ್ಮೆ ತೆಗೆಸಿದ್ದರೂ ನೋವು ಉಳಿದಿದೆ ಎಂಬುದನ್ನು ವೈದ್ಯರಿಗೆ ಹೇಳಲೇಬೇಕು. ಅದು ಪೂರ್ತಿ ವಾಸಿಯಾಗುವವರೆಗೆ ಮುಂದೆ ಬರೆದಿರುವ ಯಾವುದನ್ನೂ ಪ್ರಯತ್ನಿಸಬೇಡಿ.

ತಪ್ಪು ಎಲ್ಲಾಯಿತು ಎಂಬುದನ್ನು ನಿಮ್ಮ ಪತ್ರವೇ ಹೇಳುತ್ತಿದೆ: ಅಂಚಿಗೆ ಬಂದಾಗ ಆಕ್ಸಲರೇಟರ್ ಬಿಟ್ಟಿರಿ. ಹಾಗೆ ಬಿಟ್ಟೊಡನೆ ಎಂಜಿನ್ ಬ್ರೇಕಿನಂತೆ ಹಿಂಚಕ್ರವನ್ನು ಹಿಡಿಯುತ್ತದೆ, ಬೈಕಿನ ಭಾರ ಮುಂದಕ್ಕೆ ಸರಿದು ಮುಂಚಕ್ರವನ್ನು ಹಿಡಿದಿರುವ ಸ್ಪ್ರಿಂಗ್ ಕೊಳವೆಗಳು, ಅಂದರೆ ಫೋರ್ಕ್, ಕುಗ್ಗುತ್ತದೆ, ಅದೇ ಹೊತ್ತಿಗೆ ಭಾರ ಇಳಿದ ಹಿಂದಿನ ಸ್ಪ್ರಿಂಗ್ ಚಿಮ್ಮಿ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತದೆ. ಇಷ್ಟೂ ಒಂದು ಗಳಿಗೆಯಲ್ಲಿ ನಡೆಯುವಾಗ ಮುಂಚಕ್ರಕ್ಕೆ ಕೆಳಗಿನ ಗದ್ದೆಯ ಕಡೆಗೆ ಮೂತಿ ತಿರುಗಿಸುವುದಲ್ಲದೆ ಬೇರೆ ದಾರಿ ಉಳಿಯುವುದಿಲ್ಲ. ಇದು ನಿಮ್ಮೊಬ್ಬರ ತಪ್ಪಲ್ಲ. ಬಹಳ ವರ್ಷಗಳ ಹಿಂದೆ ನಾಪೋಕ್ಲು ಕಡೆಯ ಒಂದು ಗದ್ದೆಯಲ್ಲಿ ನಾನು ಮೊದಲ ಬಾರಿ ಹಾರಿದಾಗ ಮಾಡಿದ್ದೂ ಇದನ್ನೇ. ಕಣ್ಣು ಮುಂಚಕ್ರದ ಮೇಲೆ ನೆಟ್ಟಿತ್ತು, ಅಂಚು ಕಂಡೊಡನೆ ಕೈ ತಾನಾಗಿ ಆಕ್ಸಲರೇಟರ್ ಮುಚ್ಚಿತು, ಮೂರು ತಿಂಗಳು ಕೊರಳೆಲುಬಿನ ಆರೈಕೆಯಲ್ಲಿ ಕಳೆಯಿತು. ಅಂದಿನಿಂದ ಕಲಿಯಲು ಬರುವ ಪ್ರತಿಯೊಬ್ಬರ ಬಲ ಮಣಿಕಟ್ಟನ್ನೇ ನಾನು ಮೊದಲು ಗಮನಿಸುತ್ತೇನೆ. ಜಂಪ್ ಹೇಗಾಗುತ್ತದೆ ಎಂಬುದು ಚಕ್ರ ನೆಲ ಬಿಡುವ ಮುನ್ನ, ಏರಿನ ಕೊನೆಯ ಎರಡು ಮೂರು ಅಡಿಯಲ್ಲಿ, ಆ ಕೈಯಲ್ಲಿ ತೀರ್ಮಾನವಾಗಿರುತ್ತದೆ.

ಎರಡನೆಯ ತಪ್ಪು ಜಾಗದ್ದು. ಗದ್ದೆಯ ಏರಿ ನೋಡಲು ಸುಲಭವಾಗಿ ಕಾಣುತ್ತದೆ, ಆದರೆ ಅದು ಜಂಪ್ ಅಲ್ಲ, ನೇರ ಬೀಳುವಿಕೆ. 3 ಅಡಿಯಿಂದ ಬೀಳುವ ಬೈಕು ನೆಲ ಮುಟ್ಟುವಾಗ ಕೆಳಮುಖವಾಗಿ ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿರುತ್ತದೆ. ಇಳಿಯುವ ನೆಲ ಸಮತಟ್ಟಾಗಿದ್ದರೆ ಆ ವೇಗವನ್ನೆಲ್ಲ ನಿಮ್ಮ ಬೈಕಿನ ಸಸ್ಪೆನ್ಷನ್ ಮತ್ತು ನಿಮ್ಮ ಮೊಣಕಾಲುಗಳೇ ನುಂಗಬೇಕು. ನೆಲ ಇಳಿಜಾರಾಗಿದ್ದರೆ ಚಕ್ರ ಅದೇ ದಿಕ್ಕಿನಲ್ಲಿ ಜಾರಿ ಹೋಗುವುದರಿಂದ ಹೊಡೆತ ಬಹಳ ತಗ್ಗುತ್ತದೆ. ಇದಲ್ಲದೆ ಒಣಗಿದ ಗದ್ದೆಯಲ್ಲಿ ಕೂಳೆ ಮತ್ತು ಬಿರುಕು ತುಂಬಿರುತ್ತವೆ, ಕೆಲವೆಡೆ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಹಸಿ ಇರುತ್ತದೆ. ಮುಂಚಕ್ರ ಹೂತರೆ ಸವಾರ ಮುಂದಕ್ಕೆ ಹೋಗುವುದು ಖಚಿತ.

ಆದ್ದರಿಂದ ನಿಮ್ಮದೇ ಜಾಗದಲ್ಲಿ ಒಂದು ಟೇಬಲ್‌ಟಾಪ್ ಕಟ್ಟಿಕೊಳ್ಳಿ. ಏರು, ಮೇಲೆ ಸಮತಟ್ಟು, ಆಮೇಲೆ ಇಳಿಜಾರು, ನಡುವೆ ಎಲ್ಲಿಯೂ ಖಾಲಿ ಬಿಡದ ದಿಬ್ಬವನ್ನು ಹಾಗೆ ಕರೆಯುತ್ತಾರೆ. ಕಡಿಮೆ ಹಾರಿದರೂ ಚಕ್ರ ಮೇಲಿನ ಸಮತಟ್ಟಿನ ಮೇಲೆ ಇಳಿಯುತ್ತದೆ, ಹೊಂಡಕ್ಕೆ ಬೀಳುವುದಿಲ್ಲ. ಹೊಸಬರಿಗೆ ಅದನ್ನು ಬಿಟ್ಟು ಬೇರಾವುದನ್ನೂ ನಾನು ಹೇಳುವುದಿಲ್ಲ. ಎತ್ತರ 2 ಅಡಿ ಸಾಕು. ಆ ಎತ್ತರಕ್ಕೆ ಏರುವ ಬದಿ 8 ಅಡಿ ಉದ್ದವಿದ್ದರೆ ಸುಮಾರು 14 ಡಿಗ್ರಿಯ ಸೌಮ್ಯ ಏರು ಸಿಗುತ್ತದೆ. ಮೇಲಿನ ಸಮತಟ್ಟು 10 ಅಡಿ, ಇಳಿಜಾರು 12 ಅಡಿ, ಅಗಲ ಕನಿಷ್ಠ 8 ಅಡಿ ಇರಲಿ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ದಿಮ್ಮಿಸಿದರೆ ಚೆನ್ನಾಗಿ ಗಟ್ಟಿಯಾಗುತ್ತದೆ. ಏರಿನ ತುದಿ ಒಮ್ಮೆಲೇ ಕಡಿದಾಗಿ ಮೇಲೆದ್ದಿರಬಾರದು, ಏಕೆಂದರೆ ಅಂಥ ತುದಿ ಹಿಂಚಕ್ರವನ್ನು ಒದ್ದು ಬೈಕನ್ನು ಮುಂದಕ್ಕೆ ಮಗುಚುತ್ತದೆ. ಹಲಗೆಯನ್ನು ಕಲ್ಲಿನ ಮೇಲಿಟ್ಟು ಮಾಡುವ ತಾತ್ಕಾಲಿಕ ರ‍್ಯಾಂಪ್‌ಗಳಲ್ಲಿ ಈ ದೋಷವೂ ಇದೆ, ಹಲಗೆ ಜಾರುವ ಅಪಾಯವೂ ಇದೆ. ಅವುಗಳ ಹತ್ತಿರ ಹೋಗಬೇಡಿ.

ದಿಬ್ಬ ಸಿದ್ಧವಾದ ಮೊದಲ ದಿನ ಹಾರಬೇಡಿ. ಎರಡನೇ ಗೇರಿನಲ್ಲಿ ನಿಧಾನವಾಗಿ ಹತ್ತಿ, ಎರಡೂ ಚಕ್ರ ನೆಲ ಬಿಡದಂತೆ ಇಳಿಯಿರಿ. ಇಪ್ಪತ್ತು ಬಾರಿ ಹೀಗೆ ಮಾಡಿದರೆ ಏರಿನ ಆಕಾರ ಕಾಲಿಗೆ ಪರಿಚಯವಾಗುತ್ತದೆ. ಫುಟ್‌ರೆಸ್ಟ್ ಮೇಲೆ ಅಂಗಾಲಿನ ಮುಂಭಾಗ ಊರಿ ನಿಲ್ಲಿ, ಮೊಣಕಾಲು ಸ್ವಲ್ಪ ಬಾಗಿ ಟ್ಯಾಂಕನ್ನು ಒತ್ತಿ ಹಿಡಿದಿರಲಿ, ಮೊಣಕೈ ಹೊರಕ್ಕೆ ಎದ್ದಿರಲಿ, ಎದೆ ಹ್ಯಾಂಡಲ್‌ನ ಮೇಲ್ಭಾಗಕ್ಕೆ ಬಂದಿರಲಿ. ಹಿಡಿತ ಕಾಲಿನದು, ಕೈಗಳು ಸಡಿಲವಾಗಿರಬೇಕು. ದೃಷ್ಟಿ ದಿಬ್ಬದ ಆಚೆಗಿನ 10–15 ಮೀಟರ್ ದೂರದಲ್ಲಿ ನೆಟ್ಟಿರಲಿ. ಒಂದು ಮರದ ಬುಡಕ್ಕೆ ಸುಣ್ಣ ಬಳಿದು ಅದನ್ನೇ ನೋಡುವ ರೂಢಿ ಮಾಡಿಕೊಳ್ಳಬಹುದು, ಆದರೆ ಆ ಮರ ನಿಮ್ಮ ದಾರಿಗೆ ಅಡ್ಡವಾಗಿರದೆ ಬಹು ದೂರದಲ್ಲಿರಬೇಕು.

ಹಾರುವ ದಿನ ದಿಬ್ಬಕ್ಕೆ 20 ಮೀಟರ್ ಮುಂಚೆ ನೆಲದ ಮೇಲೆ ಒಂದು ಸುಣ್ಣದ ಗೆರೆ ಎಳೆಯಿರಿ. ಆ ಗೆರೆಯ ಒಳಗೆ ಗೇರ್ ಬದಲಿಸುವುದು, ಬ್ರೇಕ್ ಮುಟ್ಟುವುದು, ವೇಗ ತಿದ್ದುವುದು ಇಲ್ಲ. ಮನಸ್ಸು ಒಪ್ಪದಿದ್ದರೆ ಗೆರೆಗೆ ಮೊದಲೇ ಪಕ್ಕಕ್ಕೆ ತಿರುಗಿಸಿಕೊಂಡು ಹೋಗಿ. ಗೆರೆ ದಾಟಿದ ಮೇಲೆ ಆಕ್ಸಲರೇಟರನ್ನು ಇದ್ದಲ್ಲೇ, ಅಥವಾ ಕೂದಲೆಳೆಯಷ್ಟು ಹೆಚ್ಚುತ್ತಾ, ಹಿಂಚಕ್ರ ಅಂಚು ಬಿಡುವವರೆಗೂ ಹಿಡಿದಿರಿ. ಹ್ಯಾಂಡಲನ್ನು ಮೇಲಕ್ಕೆಳೆಯಬೇಡಿ. ಸ್ನೇಹಿತರೊಬ್ಬರು ಬದಿಯಲ್ಲಿ, ಸಾಕಷ್ಟು ದೂರದಲ್ಲಿ, ಮೊಬೈಲಿನಲ್ಲಿ ಚಿತ್ರೀಕರಿಸಲಿ. ಆಮೇಲೆ ಚಿತ್ರಕ್ಕಿಂತ ಮೊದಲು ಶಬ್ದ ಕೇಳಿ. ಅಂಚಿನವರೆಗೆ ಎಂಜಿನ್ನಿನ ಸದ್ದು ಒಂದೇ ಸಮನಾಗಿದ್ದರೆ ಜಂಪ್ ಸರಿಯಾಗಿದೆ. ಅಂಚಿಗೆ ಅರ್ಧ ಮೀಟರ್ ಇರುವಾಗ ಸದ್ದು ಕುಸಿದರೆ ನಿಮ್ಮ ಕೈ ಹೆದರಿದೆ. ಸವಾರರು ‘ನಾನು ಬಿಟ್ಟಿಲ್ಲ’ ಎಂದು ಆಣೆ ಮಾಡುತ್ತಾರೆ, ಅವರ ಮಾತಿನಲ್ಲಿ ಸುಳ್ಳಿರುವುದಿಲ್ಲ, ಆದರೆ ಕೈ ಮಾಡಿದ್ದು ಅವರಿಗೆ ತಿಳಿದಿರುವುದಿಲ್ಲ.

ವೇಗದ ಬಗ್ಗೆ ಒಂದು ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. 15 ಡಿಗ್ರಿಯ ಏರಿನಿಂದ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೊರಟ ಬೈಕು ಒಂದೂವರೆ ಮೀಟರಿನಷ್ಟು ದೂರ, ಗೇಣಿಗಿಂತ ಕಡಿಮೆ ಎತ್ತರ ಹಾರುತ್ತದೆ. ನೋಡುವವರಿಗೆ ಅದು ಏನೂ ಅಲ್ಲ, ಕಲಿಯುವವರಿಗೆ ಅಷ್ಟೇ ಬೇಕು. ಅದೇ ಏರಿನಲ್ಲಿ 30 ಕಿ.ಮೀ. ಎಂದರೆ ಸುಮಾರು ಮೂರೂವರೆ ಮೀಟರ್, 40 ಕಿ.ಮೀ. ಎಂದರೆ ಆರು ಮೀಟರಿಗೂ ಹೆಚ್ಚು. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟಾಗುತ್ತದೆ. ‘ಇನ್ನು ಸ್ವಲ್ಪ ಜೋರಾಗಿ ಬಾ’ ಎಂದು ಬದಿಯಲ್ಲಿ ನಿಂತವರು ಹೇಳುವ ಆ ‘ಸ್ವಲ್ಪ’ದಲ್ಲಿ ಈ ಲೆಕ್ಕ ಅಡಗಿದೆ. 20 ಕಿ.ಮೀ.ಯಲ್ಲಿ ಹತ್ತು ಜಂಪ್ ಒಂದೇ ರೀತಿ ಬಂದ ಮೇಲೆ ಮಾತ್ರ ವೇಗ ಹೆಚ್ಚಿಸಿ, ಒಂದು ಬಾರಿಗೆ 2–3 ಕಿ.ಮೀ.ಗಿಂತ ಹೆಚ್ಚು ಬೇಡ.

ಗಾಳಿಯಲ್ಲಿರುವಾಗ ಮೂತಿ ತೀರಾ ಮೇಲೆದ್ದರೆ ಕ್ಲಚ್ ಹಿಡಿದು ಹಿಂದಿನ ಬ್ರೇಕನ್ನು ಒಮ್ಮೆ ಒತ್ತಿದಾಗ ತಿರುಗುವ ಚಕ್ರದ ವೇಗ ಬೈಕಿನ ಒಡಲಿಗೆ ವರ್ಗವಾಗಿ ಮೂತಿ ಕೆಳಗಿಳಿಯುತ್ತದೆ. ಕೆಳಗೆ ವಾಲಿದರೆ ಆಕ್ಸಲರೇಟರ್ ತಿರುಗಿಸಿದಾಗ ಏರುತ್ತದೆ. ಇದನ್ನು ತಿಳಿದಿರಿ, ಆದರೆ ಈಗ ಇದರ ಭರವಸೆಯ ಮೇಲೆ ಹಾರಬೇಡಿ. ನಿಮ್ಮ ಮೊದಲ ಜಂಪ್‌ಗಳು ಗಾಳಿಯಲ್ಲಿರುವುದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ, ಅಷ್ಟರಲ್ಲಿ ತಿದ್ದಲು ಸಮಯವಿಲ್ಲ. ಇಳಿಯುವಾಗ ಎರಡೂ ಚಕ್ರ ಒಟ್ಟಿಗೆ, ಅಥವಾ ಹಿಂಚಕ್ರ ತುಸು ಮೊದಲು ನೆಲ ಮುಟ್ಟಲಿ. ಆಗ ಆಕ್ಸಲರೇಟರ್ ಸ್ವಲ್ಪ ತೆರೆದಿರಲಿ, ಸೀಟಿನ ಮೇಲೆ ಕೂರಬೇಡಿ, ಮೊಣಕಾಲು ಬಾಗಲು ಬಿಡಿ.

ಇನ್ನು ನಿಮ್ಮ ಬೈಕು. ಎಕ್ಸ್‌ಪಲ್ಸ್ ಸುಮಾರು 160 ಕೆ.ಜಿ. ತೂಗುತ್ತದೆ, ಸಸ್ಪೆನ್ಷನ್ ಮುಂದೆ 190 ಮತ್ತು ಹಿಂದೆ 170 ಮಿ.ಮೀ. ಕುಗ್ಗಬಲ್ಲದು. ಮಣ್ಣಿನ ಟ್ರ್ಯಾಕಿನ ರೇಸಿಗೆಂದೇ ಮಾಡಿದ 250 ಸಿಸಿಯ ಮೋಟೊಕ್ರಾಸ್ ಬೈಕು 100 ಕೆ.ಜಿ.ಗಿಂತ ಸ್ವಲ್ಪವೇ ಹೆಚ್ಚು ತೂಗಿ ಸುಮಾರು 300 ಮಿ.ಮೀ. ಕುಗ್ಗುತ್ತದೆ. ಆದ್ದರಿಂದ ನಿಮ್ಮ ಬೈಕಿನಲ್ಲಿ ಮೇಲೆ ಹೇಳಿದಂಥ ಸಣ್ಣ ಟೇಬಲ್‌ಟಾಪ್ ಧಾರಾಳವಾಗಿ ಕಲಿಯಬಹುದು, ವಿಡಿಯೊಗಳಲ್ಲಿ ಕಾಣುವ ದೊಡ್ಡ ಜಂಪ್‌ಗಳಿಗೆ ಅದು ಹೇಳಿ ಮಾಡಿಸಿದ್ದಲ್ಲ. ಪ್ರತಿ ಅಭ್ಯಾಸಕ್ಕೆ ಮುನ್ನ ಚಕ್ರದ ಕಡ್ಡಿಗಳ ಬಿಗಿ, ಹ್ಯಾಂಡಲ್ ಕ್ಲ್ಯಾಂಪಿನ ಬೋಲ್ಟ್, ಚೈನಿನ ಸಡಿಲ, ಫೋರ್ಕಿನ ಆಯಿಲ್ ಸೋರಿಕೆ ನೋಡಿ. ಕನ್ನಡಿ ಮತ್ತು ಹಿಂದಿನ ಲಗೇಜ್ ಕ್ಯಾರಿಯರ್ ಬಿಚ್ಚಿಡಿ.

ರಕ್ಷಣೆಯ ಉಡುಪಿನಲ್ಲಿ ಹಣ ಉಳಿಸಬೇಡಿ. ಗದ್ದವನ್ನೂ ಮುಚ್ಚುವ ಆಫ್‌ರೋಡ್ ಹೆಲ್ಮೆಟ್, ಗಾಗಲ್, ಕೈಗವಸು, ಎದೆ ಮತ್ತು ಬೆನ್ನಿನ ಕವಚ, ಮೊಣಕೈ ಮತ್ತು ಮೊಣಕಾಲು ಗಾರ್ಡ್ ಬೇಕೇ ಬೇಕು. ಬಹಳ ಮಂದಿ ಮರೆಯುವುದು ಬೂಟು. ತೋಟಕ್ಕೆ ಹಾಕುವ ಗಮ್‌ಬೂಟು ಜಿಗಣೆಗೆ ಅಡ್ಡಿಯಾದೀತೇ ಹೊರತು ಬೈಕಿನ ಅಡಿ ಸಿಕ್ಕ ಕಣಕಾಲನ್ನು ಉಳಿಸುವುದಿಲ್ಲ. ಮೋಟೊಕ್ರಾಸ್ ಬೂಟನ್ನೇ ಕೊಳ್ಳಿ. ಬಿದ್ದ ದಿನ ನಿಮ್ಮ ಹೆಲ್ಮೆಟ್ ನೆಲಕ್ಕೆ ಬಡಿದಿದ್ದರೆ ಅದನ್ನು ಇನ್ನು ಬಳಸಬೇಡಿ.

ಜಾಗ ಆರಿಸುವಾಗ ಕಾಫಿ ಗಿಡಗಳ ನಡುವೆ ಬೇಡ. ತರಗೆಲೆಯ ಕೆಳಗೆ, ಮಳೆನೀರು ಇಂಗಲೆಂದು ತೋಡಿದ ತೊಟ್ಟಿಲು ಗುಂಡಿಗಳು ಕಾಣುವುದಿಲ್ಲ, ಸಿಲ್ವರ್ ಓಕ್ ಮರಗಳು ಹತ್ತಿರದಲ್ಲೇ ಇರುತ್ತವೆ, ಬೇಲಿಯ ಮುಳ್ಳುತಂತಿಯಂತೂ ಸವಾರನ ಪಾಲಿಗೆ ಕತ್ತಿ. ಆನೆ ಕಂದಕದ ಅಂಚು ಮತ್ತು ಅರಣ್ಯದ ದಾರಿಗಳ ಮಾತೇ ಬೇಡ. ಅರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದು ಅಪರಾಧವೂ ಹೌದು. ಒಬ್ಬರೇ ಎಂದೂ ಅಭ್ಯಾಸ ಮಾಡಬೇಡಿ. ಗೋಣಿಕೊಪ್ಪಲಿನಿಂದ ಮೈಸೂರಿನ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 90 ಕಿ.ಮೀ. ಇದೆ, ಆದ್ದರಿಂದ ಜೊತೆಗಿರುವವರ ಬಳಿ ವಾಹನವಿರಬೇಕು, ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆಂದು ಅವರಿಗೆ ಗೊತ್ತಿರಬೇಕು, ಬಿದ್ದವರ ಹೆಲ್ಮೆಟ್ ಎಳೆಯದೆ, ಕುತ್ತಿಗೆ ಅಲುಗಿಸದೆ 108ಕ್ಕೆ ಕರೆ ಮಾಡಬೇಕೆಂಬುದು ತಿಳಿದಿರಬೇಕು.

ಸಾಧ್ಯವಾದರೆ ಗುರುವಿನ ಬಳಿ ಎರಡು ದಿನ ಕಲಿಯಿರಿ. 2015ರಲ್ಲಿ, ಹಲವು ದಿನ ನಡೆಯುವ ದೂರದ ಆಫ್‌ರೋಡ್ ಓಟವಾದ ಡಕಾರ್ ರ‍್ಯಾಲಿಯಲ್ಲಿ ಬೈಕ್ ಓಡಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್, ಕೋಲಾರದ ಬಳಿ ಇಂಥ ತರಬೇತಿಗೆಂದೇ ಮಣ್ಣಿನ ಮೈದಾನವೊಂದನ್ನು ಕಟ್ಟಿದ್ದಾರೆ.

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಅವನ ಅಣ್ಣನ ಬೈಕಿನಲ್ಲಿ ಜಂಪ್ ಕಲಿಯುತ್ತೇನೆಂದು ಹಟ ಹಿಡಿದಿದ್ದಾನೆ. ನಮ್ಮದೇ ತೋಟದ ಒಳಗೆ ಬಿಡಬಹುದೇ?
— ಒಬ್ಬ ತಾಯಿ, ಸೋಮವಾರಪೇಟೆ

ಉತ್ತರ: ಅಣ್ಣನ ಬೈಕಿನಲ್ಲಿ ಖಂಡಿತ ಬೇಡ, ತಾಯಿ. ಕುಳಿತಾಗ ಎರಡೂ ಪಾದ ನೆಲ ಮುಟ್ಟದ, ಬಿದ್ದರೆ ಒಬ್ಬನೇ ಎತ್ತಲಾಗದ ಬೈಕಿನಲ್ಲಿ ಮಗು ಹಾರಬಾರದು. ತೋಟದಿಂದ ರಸ್ತೆಗೆ ಬಂದರಂತೂ 2019ರ ತಿದ್ದುಪಡಿಯ ನಂತರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗಿನ ಸೆರೆವಾಸಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಆದರೆ ಅವನ ಆಸೆಯನ್ನು ಬೈದು ಮುಚ್ಚಿಸಬೇಡಿ. ಬೈಸಿಕೊಂಡ ಹುಡುಗ ನೀವಿಲ್ಲದ ಹೊತ್ತಿನಲ್ಲಿ ಕೀ ತೆಗೆದುಕೊಳ್ಳುತ್ತಾನೆ. ಒಳ್ಳೆಯ ಮೌಂಟನ್ ಸೈಕಲ್ ಮತ್ತು ಹೆಲ್ಮೆಟ್ ಕೊಡಿಸಿ, ಒಂದು ಅಡಿ ಎತ್ತರದ ಮಣ್ಣಿನ ಟೇಬಲ್‌ಟಾಪ್ ಅವನೇ ಕಟ್ಟಲಿ. ನಿಲ್ಲುವುದು, ದೂರ ನೋಡುವುದು, ಮೊಣಕಾಲಿನಿಂದ ಇಳಿಯುವುದು ಅದರಲ್ಲೇ ಕಲಿಯಬಹುದು. ಅವನು ಅಭ್ಯಾಸ ಮಾಡುವಾಗ ಮನೆಯ ಹಿರಿಯರೊಬ್ಬರು ಅಲ್ಲಿರಲಿ, ಬೈಕಿನ ಕೀ ನಿಮ್ಮ ಬಳಿಯೇ ಇರಲಿ.