ಜೋಗಿಮಟ್ಟಿಯಂಥ ಏರಿಗೆ ಸೈಕಲ್‌ನ ಗೇರ್ ಹೇಗಿರಬೇಕು?

ಚಿತ್ರದುರ್ಗದ ಜೋಗಿಮಟ್ಟಿ ಏರಿನಲ್ಲಿ ಅತಿ ಹಗುರವಾದ ಗೇರ್‌ನಲ್ಲೂ ಪೆಡಲ್ ತುಳಿಯಲಾಗದಿದ್ದರೆ, ಹಿಂಚಕ್ರದ ಕ್ಯಾಸೆಟ್ಟನ್ನು, ಅಂದರೆ ಹಲ್ಲುಚಕ್ರಗಳ ಜೋಡಣೆಯನ್ನು, ಇನ್ನೂ ದೊಡ್ಡ ಹಲ್ಲುಚಕ್ರವಿರುವುದಕ್ಕೆ ಬದಲಾಯಿಸಿ. ಮುಂದೆ 34, ಹಿಂದೆ 28 ಹಲ್ಲುಗಳಿದ್ದಾಗ ಪೆಡಲ್‌ನ ಒಂದು ಸುತ್ತಿಗೆ ಹಿಂಚಕ್ರ ಸುಮಾರು 1.2 ಸುತ್ತು ತಿರುಗುತ್ತದೆ. ಹಿಂದೆಯೂ 34 ಹಲ್ಲುಗಳಿದ್ದರೆ ಸರಿಯಾಗಿ ಒಂದೇ ಸುತ್ತು. ಪ್ರತಿ ಸುತ್ತಿನಲ್ಲಿ ಏರಬೇಕಾದ ದೂರ ಕಡಿಮೆಯಾಗುವುದರಿಂದ, ಕಾಲು ಹಾಕಬೇಕಾದ ಬಲವೂ ಆರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ಇಳಿಯುತ್ತದೆ, ಆದರೆ ಅದೇ ವೇಗ ಉಳಿಸಿಕೊಳ್ಳಲು ಹೆಚ್ಚು ಸಲ ತುಳಿಯಬೇಕು. ಮಂಡಿಗಳ ಹಿತಕ್ಕೆ ಇದೇ ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ. ಕೊಳ್ಳುವ ಮುನ್ನ, ಚೈನನ್ನು ಹಲ್ಲುಚಕ್ರಗಳ ನಡುವೆ ಸರಿಸುವ ಹಿಂದಿನ ಡಿರೈಲರ್ 34 ಹಲ್ಲುಗಳಿಗೆ ಹೊಂದುತ್ತದೆಯೇ, ಚೈನಿನ ಉದ್ದ ಸಾಕೇ ಎಂಬುದನ್ನು ಸೈಕಲ್ ಅಂಗಡಿಯಲ್ಲಿ ಪರೀಕ್ಷಿಸಿಕೊಳ್ಳಿ.