ಸಹಾಯಕ ಕೋಚ್ ಇದ್ದು ಏನು ಪ್ರಯೋಜನ?

ಪ್ರಶ್ನೆ: ನಮ್ಮ ಫುಟ್‌ಬಾಲ್ ಕ್ಲಬ್ ಸೋತಾಗಲೆಲ್ಲ ಗೆಳೆಯರು ಸಹಾಯಕ ಕೋಚ್ ಮೇಲೆ ಹರಿಹಾಯುತ್ತಾರೆ. ‘ಸುಮ್ನೆ ಬೆಂಚಿನಲ್ಲಿ ಕೂತಿರ್ತಾರೆ’ ಅನ್ನೋದು ಅವರ ವಾದ. ನಿಜಕ್ಕೂ ಅವರಿಂದ ಏನಾದರೂ ಆಗುತ್ತದಾ?

ಉತ್ತರ: ಖಂಡಿತ ಆಗುತ್ತದೆ. ಈ ‘ಸುಮ್ನೆ ಕೂತಿರ್ತಾರೆ’ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ಮುಂದಿನ ಪಂದ್ಯದಲ್ಲಿ ಬದಲಿ ಆಟಗಾರ ಗೆರೆ ಬಳಿ ಬಂದು ನಿಂತಾಗ ಗಮನಿಸಿ. ಒಬ್ಬರು ಟ್ಯಾಬ್ಲೆಟ್ಟೋ ಹಾಳೆಯೋ ಹಿಡಿದು, ಬೆರಳಿಟ್ಟು ಏನೋ ತೋರಿಸುತ್ತಿರುತ್ತಾರೆ. ಕಾರ್ನರ್ (ಮೈದಾನದ ಮೂಲೆಯಿಂದ ಒದೆಯುವ ಕಿಕ್) ಬಂದರೆ ಎಲ್ಲಿ ನಿಲ್ಲಬೇಕು, ಎದುರಾಳಿಗಳಲ್ಲಿ ಯಾರನ್ನು ಬಿಡಬಾರದು ಅಂತ. ಅವರು ಎಷ್ಟೋ ಸಲ ಸಹಾಯಕ ಕೋಚೇ ಆಗಿರುತ್ತಾರೆ. ವಾರವಿಡೀ ತರಬೇತಿ ನಡೆಸಿದ್ದೂ ಅವರೇ ಇರಬಹುದು.

ಇಂಗ್ಲೆಂಡಿನ ಹೆಸರಾಂತ ಕೋಚ್ ಬ್ರಯನ್ ಕ್ಲಫ್ ಕಥೆ ಗೊತ್ತಲ್ವಾ? 1974ರಲ್ಲಿ ತಮ್ಮ ಸಹಾಯಕ, ಬಹುಕಾಲದ ಜೊತೆಗಾರ ಪೀಟರ್ ಟೇಲರ್ ಇಲ್ಲದೆ ಲೀಡ್ಸ್ ಕ್ಲಬ್‌ಗೆ ಹೋದರು. 44 ದಿನಕ್ಕೇ ಕೆಲಸ ಹೋಯಿತು. ಒಳ್ಳೆಯ ಆಟಗಾರರನ್ನು ಹುಡುಕಿ ತರುವ ಕಣ್ಣು ಟೇಲರ್ ಅವರದು. 1976ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಲ್ಲಿ ಇಬ್ಬರೂ ಮತ್ತೆ ಜೊತೆಯಾದರು. 1979, 1980, ಎರಡೂ ವರ್ಷ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟ್ರೋಫಿಯಾದ ಯುರೋಪಿಯನ್ ಕಪ್ ಗೆದ್ದರು! ಲೀಡ್ಸ್‌ನಲ್ಲಿ ಕೆಟ್ಟದ್ದಕ್ಕೆ ಬೇರೆ ಕಾರಣಗಳೂ ಇದ್ದವು, ಒಪ್ಪುತ್ತೇನೆ. ಆದರೂ ಆ ಜೋಡಿಯ ಬಲ ಅಲ್ಲಗಳೆಯಲಾಗದು.

ಹಾಗಂತ ಟೀಕಿಸಲೇಬಾರದು ಅಂತಲ್ಲ. ಕಾರ್ನರ್ ಜವಾಬ್ದಾರಿ ಅವರದೇ ಆಗಿದ್ದು, ವಾರವಾರವೂ ಒಂದೇ ರೀತಿ ಗೋಲು ಬಿಟ್ಟುಕೊಡುತ್ತಿದ್ದರೆ ಖಂಡಿತ ಕೇಳಿ. ಹನ್ನೊಂದು ಜನರ ಆಯ್ಕೆ ತಪ್ಪಿದ್ದರೆ ಮಾತ್ರ ಮುಖ್ಯ ಕೋಚ್‌ನನ್ನೇ ಕೇಳಬೇಕು.